ಸಾಕ್ಷಿ ಮುಗಿಯುವವರೆಗೆ ಈ ಮುಖ

ಶಿವಮೊಗ್ಗ,
೧೨-೮-೧೯೯೭

ಕುಪ್ಪಗಡ್ಡೆಯ ಅಪ್ಪಾಜಿಗೆ ಸರ್ವಮಂಗಳಳ ನಮಸ್ಕಾರಗಳು.

ಡಾಕ್ಟರು ಎಲ್ಲ ಬಿಡಿಸಿ ಹೇಳಿದರು: “ಸುಟ್ಟ ಕಲೆ ಲೇಸರ್‌ನಿಂದ ತಿಳಿಯಾಗುತ್ತಮ್ಮ, ಅಷ್ಟೇ. ಎಳ್ಕೊಂಡಿರೋ ಕೆನ್ನೆ ಸರಿಯಾಗ್ಬೇಕಂದ್ರೆ ಆಪರೇಷನ್ನೇ ಆಗ್ಬೇಕು.”

ನಿನ್ನೆ ಶಿರಾಳಕೊಪ್ಪದಿಂದ ನನ್ನ ಮಾವನವರು ಬಂದಿದ್ದರು. “ಎರಡರಲ್ಲಿ ಯಾವ್ದು ಬೇಕೋ ನಾವೇ ಮಾಡಿಸ್ತೀವಿ. ಸ್ಟೋವ್ ಸಿಡೀತು ಅಂತ ಕೋರ್ಟಲ್ಲಿ ಹೇಳ್ಬಿಡವ್ವಾ” ಎಂದರು. ನೀವೂ ಒಪ್ಪಿದ್ದೀರಂತೆ.

ಅಪ್ಪಾಜಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದು ಅವರ ಮಗನೇ. ನಾನು ಅದನ್ನೇ ಹೇಳುತ್ತೇನೆ. ಅಲ್ಲಿಯವರೆಗೆ ಈ ಮುಖವನ್ನು ಯಾರೂ ಮುಟ್ಟುವುದು ಬೇಡ.

ಸೋಮವಾರ ಸಾಕ್ಷಿ ಇದೆ. ಒಬ್ಬಳೇ ಹೋಗಲು ಧೈರ್ಯವಿಲ್ಲ, ಬನ್ನಿ. ಅವ್ವನನ್ನೂ ಕರೆತನ್ನಿ. ಆದರೆ ಆಸ್ಪತ್ರೆಯಲ್ಲಿ ಮಾಡಿದಂತೆ ಅವಳು ನನ್ನ ಮುಖದ ಮೇಲೆ ಸೆರಗು ಎಳೆಯಬಾರದು. ಜಡ್ಜ್ ಸಾಹೇಬರು ನೋಡಲಿ.

ನಿಮ್ಮ ಮಗಳು,
ಸರ್ವಮಂಗಳ