ತಾಯಿಯ ಕಿಟಕಿ

ಶನಿವಾರ, 7 ಜೂನ್ 2003
ಸ್ಟ್ರೀಟ್ಸ್‌ವಿಲ್. ಹಳೇ ಕಟ್ಟಡಗಳ ವಾಕಿಂಗ್ ಟೂರ್. ಗೈಡ್ ಆಗಿ ನನ್ನ ನಾಲ್ಕನೆಯದು. ಹನ್ನೊಂದು ಜನ ಹೊರಟೆವು. ಇಟ್ಟಿಗೆಯ ಅಳತೆ ಹೇಳುವಷ್ಟರಲ್ಲಿ ನಾಲ್ವರು ಐಸ್‌ಕ್ರೀಮಿಗೆ ಹೋದರು. ಕೊನೆಗೆ ಸಂಗೀತದ ಹಾಲ್ — ಐರ್ಲೆಂಡಿನ ಪುಟ್ಟ ಊರಿಂದ ಬಂದ ಕಲ್ಲುಕುಟಿಗ ಕ್ವಿಲ್ಟಿ ಕಟ್ಟಿದ್ದು. ಪಕ್ಕದ ಗೋಡೆಯಲ್ಲಿ, ಎತ್ತರದಲ್ಲಿ, ಒಂದು ಸಣ್ಣ ಕಿಟಕಿ. ಅದು ಯಾಕೆ ಎಂದು ಒಬ್ಬಾಕೆ ಕೇಳಿದರು. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ತನ್ನ ತಾಯಿಗೆ ಪಿಟೀಲು ಕೇಳಿಸಲಿ ಎಂದು ಕ್ವಿಲ್ಟಿ ಇಟ್ಟದ್ದು ಎಂದೆ. ಎಲ್ಲೋ ಓದಿದ ನೆನಪು. ಆಕೆ ಕಣ್ಣೊರೆಸಿಕೊಂಡರು.

ಶನಿವಾರ, 12 ಜುಲೈ
ಇವತ್ತು ನಲವತ್ಮೂರು ಜನ. ಟೂರಿನ ಹೊಸ ಬ್ರೋಷರಿನ ಮುಖಪುಟದಲ್ಲೇ ‘ತಾಯಿಯ ಕಿಟಕಿ’. ಹಾಲ್ ಕೆಡವಿ ಪಾರ್ಕಿಂಗ್ ಮಾಡುವ ಯೋಜನೆಯನ್ನು ಕೌನ್ಸಿಲ್ ಮುಂದೂಡಿದೆ. ನಮ್ಮ ಹೆರಿಟೇಜ್ ಸಮಿತಿಯ ಅಧ್ಯಕ್ಷೆ ಮಿಸೆಸ್ ಹ್ಯಾನ್ಲಿ ಫೋನ್ ಮಾಡಿದ್ದರು. “ಎರಡು ವರ್ಷ ನಾನು ಕೊಟ್ಟ ಅರ್ಜಿ ಯಾರೂ ಓದಲಿಲ್ಲ. ನಿಮ್ಮ ಒಂದು ವಾಕ್ಯಕ್ಕೆ ಕೌನ್ಸಿಲಿನ ಮೂವರು ಮೂಗು ಸೀಟಿದರು.”
ಕಿಟಕಿಯ ಕಥೆ ಯಾವ ದಾಖಲೆಯಲ್ಲಿದೆ ಎಂದು ಕೇಳಿದರು. ಹುಡುಕಿ ಕೊಡುತ್ತೇನೆ ಎಂದೆ.

ಶನಿವಾರ, 9 ಆಗಸ್ಟ್
ಲೈಬ್ರರಿಯಲ್ಲಿ ನಾಲ್ಕನೇ ದಿನ. ಇಲ್ಲ.

ಭಾನುವಾರ, 10 ಆಗಸ್ಟ್
ಸಿಕ್ಕಿತು. ನಮ್ಮ ಬೇಸ್‌ಮೆಂಟಿನ ಕಪಾಟಿನಲ್ಲಿ. ಹಂಗೇರಿಯನ್ನಿಂದ ಇಂಗ್ಲಿಷಿಗೆ ಬಂದ ಕಾದಂಬರಿ, ಪುಟ 212. ಅದೇ ತಾಯಿ, ಅದೇ ಹಾಸಿಗೆ, ಅದೇ ಕಿಟಕಿ. ಅಲ್ಲಿರುವುದು ಅಕಾರ್ಡಿಯನ್. ಪಿಟೀಲು ಮಾತ್ರ ನನ್ನದು.
“ಯಾಕ್ರೀ ಮುಖ ಹೀಗಿದೆ?” ಎಂದಳು ಪ್ರಫುಲ್ಲಾ. ಹೇಳಿದೆ.
“ಮದುವೆಯಾಗಿ ಮೂವತ್ನಾಕು ವರ್ಷ ಆಯ್ತು. ನೀವು ಹೇಳಿದ್ದನ್ನ ಜನ ಕೊನೇವರೆಗೂ ಕೇಳಿದ್ದು ಇದೊಂದೇ. ಸುಮ್ನಿದ್ಬಿಡಿ.”
“ಸುಳ್ಳು ಕಣೇ ಅದು.”
“ಹಾಲ್ ನಿಜ ತಾನೇ?”
ಅನ್ನ ಸಾರು ಉಂಡೆ.

ಬುಧವಾರ, 3 ಸೆಪ್ಟೆಂಬರ್
ಕ್ವಿಲ್ಟಿಯ ಊರಿನ ಕಲಾಸಂಘದಿಂದ ಪತ್ರ. ಬ್ರೋಷರ್ ಅಲ್ಲಿಗೂ ತಲುಪಿದೆ. ಅಲ್ಲಿನ ತೊಂಬತ್ತು ದಾಟಿದ ಹಿರಿಯರೊಬ್ಬರಿಗೆ ಈ ಕಥೆ ಚೆನ್ನಾಗಿ ನೆನಪಿದೆಯಂತೆ, ಅಜ್ಜ ಹೇಳುತ್ತಿದ್ದನಂತೆ. ಊರಿನ ಹಳೇ ಮಾರುಕಟ್ಟೆ ಕಟ್ಟಡದಲ್ಲೂ ಅಂಥದೇ ಕಿಟಕಿ ಪತ್ತೆಯಾಗಿದೆ. ಫೋಟೋ ಕಳಿಸಿದ್ದಾರೆ. ಕೋಳಿಗೂಡಿನ ಕಿಂಡಿಯ ಹಾಗಿದೆ.
“ನೋಡಿ, ಸಾಕ್ಷಿನೂ ಸಿಕ್ತು,” ಎಂದಳು ಪ್ರಫುಲ್ಲಾ.
ಅರ್ಧ ಗಂಟೆ ನಾನೂ ನಂಬಿದೆ… ಎದ್ದು ಹೋಗಿ ಪುಟ 212 ಮತ್ತೆ ಓದಿದೆ.

ಶುಕ್ರವಾರ, 5 ಸೆಪ್ಟೆಂಬರ್, ಸಂಜೆ 5:40
ಹಾಲ್‌ಗೆ ಹಾಕುವ ಕಂಚಿನ ಫಲಕದ ಬರಹ ಬಂದಿದೆ. ಸೋಮವಾರ ಎರಕಕ್ಕೆ. ತಾಯಿ, ಪಿಟೀಲು, ಎಲ್ಲ ಇದೆ. ಮಿಸೆಸ್ ಹ್ಯಾನ್ಲಿಯ ಚೀಟಿ: “ತಪ್ಪು ಹುಡುಕುವುದರಲ್ಲಿ ನಿಮ್ಮನ್ನು ಬಿಟ್ಟರಿಲ್ಲ. ಒಮ್ಮೆ ನೋಡಿಬಿಡಿ.”
ನೋಡಿದೆ. ಕಾಗದದ ಮೇಲೆ ಅಳಿಸಬಹುದು. ಕಂಚಿನ ಮೇಲೆ ಆಗುವುದಿಲ್ಲ. ಹೇಳಿದರೆ ಹಾಲ್ ಹೋಗಬಹುದು. ಅದರ ಮರದ ಚಾವಣಿಯ ಬಗ್ಗೆ ಒಂಬತ್ತು ಪುಟ ಬರೆದಿಟ್ಟಿದ್ದೇನೆ — ಒಂದೇ ಒಂದು ಮೊಳೆಯಿಲ್ಲದೆ ಜೋಡಿಸಿದ್ದು, ಪ್ರತಿ ಅಳತೆಯೂ ನಾನೇ ಏಣಿ ಹತ್ತಿ ತೆಗೆದದ್ದು. ಅದನ್ನು ಕೌನ್ಸಿಲ್ ಮುಂದೆ ನಾನೇ ನಿಂತು ಓದುತ್ತೇನೆ. ಸಭೆಯಲ್ಲಿ ಈವರೆಗೆ ಬಾಯಿ ತೆರೆದವನಲ್ಲ. ಇರಲಿ. ಮೊದಲು ಮಿಸೆಸ್ ಹ್ಯಾನ್ಲಿಗೆ ಫೋನ್ ಮಾಡಿ ನಿಜ ಹೇಳುವುದು. ಇವತ್ತೇ. ತೀರ್ಮಾನ ಆಯಿತು.
ಪ್ರಫುಲ್ಲಾ ಫೋನಿನಲ್ಲಿದ್ದಾಳೆ. ಮಾರ್ಕಮ್‌ನಲ್ಲಿರುವ ತಂಗಿ ರಾಜಲಕ್ಷ್ಮಿಗೆ ಕಿಟಕಿಯ ಕಥೆ ಹೇಳುತ್ತಿದ್ದಾಳೆ. ನಡುನಡುವೆ ಮೂಗು ಸೀಟುತ್ತಿದ್ದಾಳೆ. ಅವಳು ಫೋನ್ ಇಟ್ಟ ಕೂಡಲೇ… ಇಟ್ಟಳು.