ಹಾಕದ ವಿಡಿಯೊ

ಅಜಿತ,

ಇವತ್ತು ನಿಡಸೋಸಿಯ ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರ್ತಿಯಾಗಿದ್ದೆ. ಮಾಧ್ಯಮದಲ್ಲಿ ಹೆಚ್ಚು ಅಧಿಕಾರ ಯಾರದು ಎಂಬುದು ವಿಷಯ. ಒಬ್ಬ ಮಾಲೀಕರದು ಎಂದ, ಒಬ್ಬಳು ಜಾಹೀರಾತು ಕೊಡುವವರದು ಎಂದಳು. ನಾವಿಬ್ಬರೂ ಯೂಟ್ಯೂಬ್ ಚಾನೆಲ್ ತೆರೆದಾಗ ನೀನು ಹೇಳಿದ್ದೇ ಬೇರೆ: "ಕ್ಯಾಮೆರಾ ಮುಂದ ನಿಂತು ಖರೆ ಹೇಳೋರದು, ಸುಮನಾ."

ಅದನ್ನು ನಂಬಿಯೇ ಸಾವಕಾರರ ಹೊಲದಲ್ಲಿ ಕೂಲಿ ಮಾಡುವ ನಮ್ಮ ಓಣಿಯ ಕಾಡವ್ವನನ್ನು ಕ್ಯಾಮೆರಾ ಮುಂದೆ ಮಾತಾಡಿಸಿದ್ದೆ. ಕಬ್ಬಿನ ಹೊಲದ ನಳವನ್ನು ಸಾವಕಾರರು ನಮ್ಮ ಓಣಿಯವರಿಗೆ ಮುಟ್ಟಗೊಡುವುದಿಲ್ಲ ಎಂದಿದ್ದಳು. ಚಾನೆಲ್‌ನಲ್ಲಿ ಬಂದದ್ದು ಸಾವಕಾರರ ಹುಟ್ಟುಹಬ್ಬದ ಶುಭಾಶಯ. ಅವಳ ವಿಡಿಯೊ ನಿನ್ನ ಫೋನಿನಲ್ಲೇ ಉಳಿಯಿತು.

ಮರಳುವಾಗ ಕಾಡವ್ವ ಸಿಕ್ಕಳು. ಕೆಲಸ ಬಿಡಿಸಿದ್ದಾರಂತೆ. ಬೈಯಲಿಲ್ಲ, ಕೇಳಿದಳು: "ಚಾನೆಲ್‌ನ್ಯಾಗ ಬರಲಾರದ ಮಾತು ಸಾವಕಾರ್ರಿಗೆ ಹೆಂಗ ಗೊತ್ತಾತವ್ವಾ?"

ಈ ಪತ್ರ ನಿನಗೆ ಕಳಿಸುವುದಿಲ್ಲ. ಇದನ್ನೂ ಅವರಿಗೆ ತೋರಿಸುತ್ತೀ.