ನಾಲಿಗೆಯ ಕೆಳಗೆ

ಜೂನ್ ೩, ಸೋಮವಾರ

ಪ್ರೊಜೆಕ್ಟರ್ ಇವತ್ತೂ ಮುನಿಸಿಕೊಂಡಿತ್ತು. ತಟ್ಟಿದೆ, ತಿರುವಿದೆ, ಕೊನೆಗೆ ಬೈದೆ. ಬೈದ ಮೇಲೆ ಹೊತ್ತಿಕೊಂಡಿತು. ಡಾಕ್ಟರುಗಳ ಹಾಗಲ್ಲ, ಅವರು ಬೈದರೆ ಆರಿಹೋಗುತ್ತಾರೆ.

ಹೊಸ ಬ್ಯಾಚು. ಮೂವತ್ತು ವೈದ್ಯರು. ವಿಷಯ ಹಳೆಯದೇ: ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಮದ್ದಿನ, ಚಟಕ್ಕೆ ಬಿದ್ದ ಎಳೆಯರಿಗೂ ದೊಡ್ಡವರಿಗೂ ಚಿಕಿತ್ಸೆ ಹೇಗೆ. ನೋವಿನ ಮಾತ್ರೆಯಿಂದ ಶುರುವಾಗಿ ಬೀದಿಯ ಪುಡಿಯವರೆಗೆ ಹೋದವರು. ಅವರ ಚಟ ಬಿಡಿಸುವ ಮೊದಲು ಇವರ ಹಟ ಬಿಡಿಸಬೇಕು. ಅದಕ್ಕೇ ನನಗೆ ಸಂಬಳ.

ಮುಂದಿನ ಸಾಲಿನಲ್ಲಿ ಯಾರು? ಭಾವ! ಅಕ್ಕನ ಗಂಡ, ದೊಡ್ಡಾಸ್ಪತ್ರೆಯ ಹಿರಿಯ ಫಿಜಿಷಿಯನ್.

"ಕಂಪಲ್ಸರಿ ಅಂತ ಕಳ್ಸಿದಾರೆ ಮೇಡಂ. ಸ್ವಲ್ಪ ನೋಡ್ಕೊಂಡು ಪಾಸ್ ಮಾಡಿ."

"ಅಕ್ಕ ನಿಮ್ಮನ್ನ ಪಾಸ್ ಮಾಡಿದ್ದೇ ಗ್ರೇಸ್ ಮಾರ್ಕ್ಸ್ ಕೊಟ್ಟು. ನನ್ನ ಹತ್ರ ಅದೆಲ್ಲ ನಡೆಯಲ್ಲ" ಅಂದೆ. ಕ್ಲಾಸು ನಕ್ಕಿತು.

ಪಿಟೀಲಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಪಿಟೀಲು, ಅವರ ಮಗಳು. ಕೂಸಾಗಿದ್ದಾಗ ಅಳಲು ಶುರುಮಾಡಿದರೆ ಕಿವಿಯ ಮೇಲೆ ಕಮಾನು ಎಳೆದ ಹಾಗಿರುತ್ತಿತ್ತು; ಹೆಸರಿಟ್ಟವಳು ನಾನೇ. ಈಗ ಇಪ್ಪತ್ತು. ಮೊಣಕಾಲಿನ ಆಪರೇಷನ್, ನೋವಿನ ಮಾತ್ರೆ, ಆಮೇಲೆ ಪುಡಿ. ಹೋದ ವರ್ಷದಿಂದ ನನ್ನ ಕ್ಲಿನಿಕ್ಕಿನ ಬ್ಯುಪ್ರೆನಾರ್ಫಿನ್ ಮಾತ್ರೆ. ಬೆಳಗ್ಗೆ ನಾಲಿಗೆಯ ಕೆಳಗೆ ಇಟ್ಟುಕೊಂಡರೆ ದಿನವಿಡೀ ಪುಡಿಯ ನೆನಪು ಪೀಡಿಸದು. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಕೆಲಸ. ಕೆನ್ನೆ ತುಂಬಿದೆ. ನನ್ನ ಜೊತೆ ಜಗಳವಾಡುತ್ತಾಳೆ. ಅಂದರೆ ಆರೋಗ್ಯ.

ಜೂನ್ ೫

ಪೆಪ್ಪರ್‌ಮೆಂಟ್ ಅಭ್ಯಾಸ. ಪ್ರತಿ ಬ್ಯಾಚಿಗೂ ಮಾಡಿಸುತ್ತೇನೆ. ಎಲ್ಲರೂ ಒಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಕರಗುವವರೆಗೆ ಅಗಿಯುವಂತಿಲ್ಲ, ನುಂಗುವಂತಿಲ್ಲ, ಮಾತಾಡುವಂತಿಲ್ಲ. ಪಕ್ಕದವರು ಆಗ ಕೇಳುತ್ತಾರೆ, ಪೇಷೆಂಟುಗಳು ದಿನಾ ಕೇಳಿಸಿಕೊಳ್ಳುವುದನ್ನೇ: "ಇನ್ನೂ ಎಷ್ಟು ದಿನ ಇದು?" "ನಾಚಿಕೆ ಆಗಲ್ವಾ?"

ಮೂಳೆ ಡಾಕ್ಟರು ಟೈ ಮೇಲೆ ಜೊಲ್ಲು ಸುರಿಸಿಕೊಂಡರು. ಮಕ್ಕಳ ಡಾಕ್ಟರಮ್ಮನಿಗೆ ಕಣ್ಣು ತುಂಬಿತು. ಭಾವ ಕಟಕಟ ಅಗಿದು, "ಆಯ್ತು, ನೆಕ್ಸ್ಟ್" ಅಂದರು.

ಆಮೇಲೆ ಎದ್ದು ನಿಂತರು. "ದೊಡ್ಡವರಿಗೆ ಸರಿ ಮೇಡಂ. ಎಳೇ ವಯಸ್ಸಿನವರಿಗೆ? ಒಂದು ಚಟ ಬಿಡ್ಸಿ ಇನ್ನೊಂದು ಗಂಟು ಹಾಕೋದಲ್ವಾ?"

"ಇನ್ಸುಲಿನ್ ತಗೊಳ್ಳೋದು ಚಟಾನಾ ಭಾವ?" ಬಾಯಿ ಜಾರಿತು.

"ಇನ್ಸುಲಿನ್ ತಗೊಳ್ಳೋ ಮಗಳ ಬಗ್ಗೆ ಯಾರೂ ಲಿಫ್ಟಲ್ಲಿ ಪಿಸುಗುಟ್ಟಲ್ಲ."

ಪ್ರೊಜೆಕ್ಟರ್ ಆರಿಸಿ ಕ್ಲಾಸು ಬಿಟ್ಟೆ.

ತಲೆ ಸಿಡಿಯುತ್ತಿದೆ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ನುಂಗಿದೆ.

ಜೂನ್ ೭

ಪರೀಕ್ಷೆ. ಭಾವನೇ ಫಸ್ಟು! "ಔಷಧಿ ಎಷ್ಟು ಕಾಲ?" ಎಂಬುದಕ್ಕೆ: ಎಲ್ಲಿಯವರೆಗೆ ಉಪಯೋಗವೋ ಅಲ್ಲಿಯವರೆಗೆ, ಮನೆಯವರ ಒತ್ತಾಯಕ್ಕೆ ನಿಲ್ಲಿಸಬಾರದು. ಅಕ್ಷರವೂ ಮುತ್ತಿನಂಥದು. ಡಾಕ್ಟರ ಕೈಬರಹ ಓದಲು ಬಂತೆನ್ನುವುದೇ ಒಂದು ಪವಾಡ.

ಅಕ್ಕನಿಗೆ ಫೋನು. "ನಿನ್ನ ಗಂಡ ಬದಲಾದ್ರು ಕಣೇ!"

"ಹೌದಾ" ಅಂದಳು. ಒಲೆಯ ಮೇಲೆ ಹಾಲಿದೆ ಅಂತ ಇಟ್ಟುಬಿಟ್ಟಳು.

ಜುಲೈ ೧೪, ಭಾನುವಾರ

ಅಕ್ಕ ಬಂದಳು. ಕೂರಲಿಲ್ಲ.

"ಅವಳ ಮಾತ್ರೇನ ಅವರು ಕಮ್ಮಿ ಮಾಡ್ತಾ ಬಂದ್ರು. ಬ್ಲೇಡಲ್ಲಿ ಕತ್ತರ್ಸಿ ಕತ್ತರ್ಸಿ. ನಿನ್ನೆಗೆ ಪೂರ್ತಿ ನಿಂತೋಯ್ತು. ನಿಂಗೆ ಹೇಳ್ಬಾರ್ದು ಅಂದಿದ್ರು."

ಅವಳ ಜೊತೆಗೇ ಹೋದೆ. ಭಾವ ಪೇಪರ್ ಓದುತ್ತಿದ್ದರು. ಕಿತ್ತುಕೊಂಡೆ.

"ಪರೀಕ್ಷೇಲಿ ಏನು ಬರೆದ್ರಿ ನೀವು?"

"ಅದು ಪೇಷೆಂಟ್‌ಗಳಿಗೆ. ಇವ್ಳು ನನ್ನ ಮಗಳು."

ಪಿಟೀಲು ಬಾಗಿಲಲ್ಲಿ ನಿಂತಿದ್ದಳು. "ಚಿಕ್ಕಿ, ಅಪ್ಪಂಗೆ ಬೈಬೇಡ. ನಾನೂ ಒಪ್ಪಿದೀನಿ."

"ನಾಳೆನೇ ಮತ್ತೆ ಶುರು ಮಾಡೋಣ, ನನ್ನ ಬಂಗಾರ. ಇನ್ನೂ ತಡ ಆಗಿಲ್ಲ."

"ಮೊನ್ನೆ ಅಪ್ಪ ಫ್ರೆಂಡ್ಸ್ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿ 'ನನ್ನ ಮಗಳು' ಅಂದ್ರು. ಯಾವ ಕಾಲ ಆಗಿತ್ತು ಗೊತ್ತಾ? ನಿನ್ನ ಮಾತ್ರೇಲಿ ಅದಿಲ್ಲ ಚಿಕ್ಕಿ."



ಮೂಗಿಗೆ ಹೊಡೆಯುವ ಸ್ಪ್ರೇ, ಡೋಸ್ ಹೆಚ್ಚಾಗಿ ಉಸಿರು ನಿಲ್ಲುತ್ತಿರುವವರನ್ನು ಎಬ್ಬಿಸುವಂಥದು, ಅವಳ ಬ್ಯಾಗಿಗೆ ತುರುಕಿದೆ.

"ಏನಿದು, ಸೆಂಟಾ?"

"ಹೂಂ. ಸೆಂಟ್ ಪರ್ಸೆಂಟ್."

ನಕ್ಕಳು. ಎಷ್ಟು ಚೆಂದ ನಗುತ್ತಾಳೆ, ಕತ್ತೆ.

ಜುಲೈ ೩೦

ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ಬರೀ ಹೆಬ್ಬೆರಳು. ಭಾವನನ್ನು ಕೇಳಿದರೆ, "ಚೆನ್ನಾಗೇ ಇದಾಳೆ. ನಿದ್ದೆ ಇಲ್ಲ, ಮೈಕೈ ನೋವು, ಅಷ್ಟೆ." ಅಷ್ಟೆಯಂತೆ. ಪಾಠದ ಎರಡನೇ ಪುಟ ಅದು, ಭಾವ.

ಮಧ್ಯಾಹ್ನ ಅಂಗಡಿಗೇ ಹೋದೆ. ಹಿಂದಿನ ಕೋಣೆಯಲ್ಲಿ ಚಕ್ರಕ್ಕೆ ಲೆನ್ಸ್ ಹಿಡಿದಿದ್ದಳು. ಕಣ್ಣು ಕೆಂಪು. ಎರಡು ಲೆನ್ಸ್ ಒಡೆದು ಬಿದ್ದಿದ್ದವು. ತಬ್ಬಿಕೊಂಡೆ. ಮೈ ಬೆವರಿನಿಂದ ತಣ್ಣಗಿತ್ತು.

"ಆಗ್ತಿಲ್ಲ ಚಿಕ್ಕಿ."

"ಈಗಲೇ ನಡಿ ಕ್ಲಿನಿಕ್ಕಿಗೆ."

"ಸೋಮವಾರ ಬರ್ತೀನಿ. ಅಪ್ಪಂಗೆ ನಾನೇ ಹೇಳ್ಬೇಕು. ನೀನು ಹೇಳಿದ್ರೆ ಜಗಳ ಆಗುತ್ತೆ. ನಾನು ಹೇಳಿದ್ರೆ... ಬೇಜಾರಷ್ಟೇ ಆಗುತ್ತೆ."

ಸೋಮವಾರ. ಮೊದಲ ಅಪಾಯಿಂಟ್‌ಮೆಂಟು ಅವಳಿಗೇ ಇಟ್ಟಿದ್ದೇನೆ.

ಆಗಸ್ಟ್ ೨೧

ಬರೆಯಲಾಗಿರಲಿಲ್ಲ.

ಆ ಸೋಮವಾರದ ಹಿಂದಿನ ದಿನ. ಅಂಗಡಿಗೆ ರಜೆ. ಕೀಲಿ ಅವಳ ಬಳಿಯೇ ಇತ್ತು. ಹಿಂದಿನ ಕೋಣೆ. ಒಬ್ಬಳೇ. ಮೊದಲೆಲ್ಲ ತೆಗೆದುಕೊಳ್ಳುತ್ತಿದ್ದಷ್ಟೇ ಪುಡಿ ತೆಗೆದುಕೊಂಡಿದ್ದಾಳೆ. ಹೆಚ್ಚಲ್ಲ. ಅಷ್ಟೇ ಸಾಕಾಯಿತು.

ಸ್ಪ್ರೇ ಬ್ಯಾಗಿನಲ್ಲೇ ಇತ್ತು. ಅದನ್ನು ಬೇರೆಯವರು ಹೊಡೆಯಬೇಕು. ಪ್ರಜ್ಞೆ ತಪ್ಪಿದವರು ತಮಗೆ ತಾವೇ ಹೊಡೆದುಕೊಳ್ಳಲಾರರು. ನಾನೇ ಪಾಠ ಮಾಡುತ್ತೇನೆ ಇದನ್ನು. ಪ್ರತಿ ಬ್ಯಾಚಿಗೂ.

ಭಾವನ ಆಸ್ಪತ್ರೆಗೇ ತಂದರು. ಭಾವನೇ ಎದೆ ಒತ್ತುತ್ತಲೇ ಇದ್ದರು. ಎಲ್ಲ ಮುಗಿದ ಮೇಲೂ ಒತ್ತುತ್ತಿದ್ದರು. ಜೂನಿಯರುಗಳು ಕೈ ಹಿಡಿದು ಬಿಡಿಸಬೇಕಾಯಿತು.

ನಿಘಂಟಿನಲ್ಲಿ ವ್ಯಸನಕ್ಕೆ ಎರಡು ಅರ್ಥ —

ಬೇಡ. ಇನ್ನು ಪದಗಳ ಆಟ ಬೇಡ.

ಸೆಪ್ಟೆಂಬರ್ ೨

ಅಕ್ಕನ ಮನೆ. ಪಿಟೀಲಿನ ಬಟ್ಟೆ ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಅವರನ್ನ ಯಾಕೆ ಪಾಸ್ ಮಾಡ್ದೆ ನೀನು?"

ಸೆಪ್ಟೆಂಬರ್ ೨೩, ಸೋಮವಾರ. ಸಂಜೆ

ಹೊಸ ಬ್ಯಾಚು. ರಜೆ ಮುಂದುವರಿಸು ಅಂದಿದ್ದರು. ಮನೆಯಲ್ಲಿ ಕೂತು ಏನು ಮಾಡಲಿ?

ಭಾವ ಬಂದರು. ಯಾರೂ ಕರೆದಿರಲಿಲ್ಲ. ಕೊನೆಯ ಸಾಲು, ಗೋಡೆಯ ಪಕ್ಕ. ಶರ್ಟಿನ ಗುಂಡಿ ಒಂದಕ್ಕೊಂದು ತಪ್ಪಿತ್ತು.

ಈಗಷ್ಟೇ ಓದು ಮುಗಿಸಿದ ಡಾಕ್ಟರಮ್ಮ ಕೈ ಎತ್ತಿದಳು. "ಮೇಡಂ, ಸ್ಟೇಬಲ್ ಆದ್ಮೇಲೆ ನಿಧಾನವಾಗಿ ಕಮ್ಮಿ ಮಾಡಿ ನಿಲ್ಲಿಸಿದ್ರೆ ಸೇಫ್ ಅಲ್ವಾ? ಮನೆಯವರಿಗೂ ಸಮಾಧಾನ."

ಇದ್ದದ್ದು ಇದ್ದಂತೆ ಹೇಳಿದರೆ ಗೋಡೆ ಪಕ್ಕದ ಮನುಷ್ಯ ಕುಸಿಯುತ್ತಾರೆ. ಮೆತ್ತಗೆ ಮಾಡಿ ಹೇಳಿದರೆ, ಈ ಮೂವತ್ತು ಜನ ಹೋಗಿ ಯಾರದೋ ಮಕ್ಕಳ ಮಾತ್ರೆ ಕತ್ತರಿಸುತ್ತಾರೆ.

ಹೇಳಿದೆ. ಆದರೆ ಬೋರ್ಡಿನ ಕಡೆ ತಿರುಗಿಕೊಂಡು ಹೇಳಿದೆ. ಬೋರ್ಡು ಖಾಲಿ ಇತ್ತು. ಒರೆಸುತ್ತಲೇ ಇದ್ದೆ.

ಕ್ಲಾಸು ಮುಗಿದ ಮೇಲೆ ಭಾವ ಕಾರಿಡಾರಿನಲ್ಲಿ ಕಾಯುತ್ತಿದ್ದರು.

"ಆ ಒಂದು ವಾಕ್ಯ ಹಿಂದೆ ಕೇಳಿಸ್ಲೇ ಇಲ್ಲ."

"ಯಾವ್ದು ಭಾವ?"

"ನಿಂಗೆ ಗೊತ್ತು. ಪಕ್ಕದಲ್ಲಿ ಕೂತಿದ್ದ ಡಾಕ್ಟರು, ಮೇಡಂ ಏನಂದ್ರು ಸರ್ ಅಂತ ನನ್ನೇ ಕೇಳಿದ್ರು. ನನ್ನ ಕೈಲಿ ಹೇಳಕ್ಕಾಗ್ಲಿಲ್ಲ." ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. "ನಾಳೆ ಇನ್ನೊಂದ್ಸಲ ಹೇಳು. ಎಲ್ರ ಮುಖ ನೋಡಿ ಹೇಳು. ನನ್ನ ಮುಖಾನೂ."

"ನನ್ನಿಂದಾಗಲ್ಲ."

"ಈಗ ಹೇಳಿ ನೋಡು. ಅಭ್ಯಾಸ ಆಗ್ಲಿ."

ಗೋಡೆಗೆ ಒರಗಿ ಕಣ್ಣು ಮುಚ್ಚಿದರು, ಇಂಜೆಕ್ಷನ್‌ಗೆ ತೋಳು ಕೊಟ್ಟ ಮಗುವಿನ ಹಾಗೆ.

"ಮಾತ್ರೆ ನಿಲ್ಲಿಸಿದ ಮೇಲೇ ಸಾವಿನ ಅಪಾಯ ಹೆಚ್ಚು," ಅಂದೆ. "ಯಾಕಂದ್ರೆ ಆ ಹೊತ್ತಿಗೆ ದೇಹ..."

"ಜೋರಾಗಿ."

"ಯಾಕಂದ್ರೆ ಆ ಹೊತ್ತಿಗೆ ದೇಹ ಹಳೇ ಡೋಸಿನ ಅಭ್ಯಾಸ ಮರೆತಿರುತ್ತೆ. ಮೊದಲು ತಗೊಳ್ತಿದ್ದಷ್ಟೇ ತಗೊಂಡ್ರೂ ಉಸಿರು ನಿಲ್ಲುತ್ತೆ."